ಮಣ್ಣೆತ್ತಿನಿಂದ ಮುತ್ತುಗದವರೆಗೆ

ಶಾಲೆಗಳು ತೆರೆದಿವೆ. ಹೊಸ ಪುಸ್ತಕಗಳಿಗೆ ಹೊದಿಕೆ ಹಾಕುವ ಕೆಲಸ ಮುಗಿಯುತ್ತ ಬಂದಿದೆ. ಮುಂಗಾರು ಕೆಲವು ಕಡೆ ಚೆನ್ನಾಗಿ ಹಿಡಿದಿದೆ, ಕೆಲವು ಕಡೆ ಬರಿಯ ಮೋಡ ತೋರಿಸಿ ಹೋಗುತ್ತಿದೆ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರೊಂದಿಗೆ, ಆ ಮಕ್ಕಳ ತಂದೆ ತಾಯಿಯರೊಂದಿಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆಯಾ ಋತುವಿನಲ್ಲಿ ಮಕ್ಕಳ ಕೈಗೆ ಯಾವ ಕಲೆಯ ಕೆಲಸ ಕೊಡಬಹುದು ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ಋತುಗಳ ಚಿತ್ರ ಬರೆಸುವುದು ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಮಳೆಗಾಲ ಎಂದರೆ ಕೊಡೆ ಹಿಡಿದ ಹುಡುಗಿ, ಬೇಸಿಗೆ ಎಂದರೆ ಮೂಲೆಯಲ್ಲಿ ಕಿರಣ ಬಿಡುವ ಸೂರ್ಯ. ಚಳಿಗಾಲಕ್ಕೆ ಸ್ಟೇಷನರಿ ಅಂಗಡಿಯಲ್ಲಿ ಅಚ್ಚಾದ ಹಾಳೆಗಳೇ ಸಿಗುತ್ತವೆ. ಅದರಲ್ಲಿ ಹಿಮದ ಬೊಂಬೆ ಇರುತ್ತದೆ, ಕೆಂಪು ಮೇಪಲ್ ಎಲೆ ಇರುತ್ತದೆ. ರಾಯಚೂರು ಜಿಲ್ಲೆಯ ಮಗು ಕೂತು ಹಿಮದ ಬೊಂಬೆಗೆ ಬಣ್ಣ ತುಂಬುತ್ತದೆ. ಅದೇ ಡಿಸೆಂಬರಿನಲ್ಲಿ ಶಾಲೆಯ ಆಚೆಯ ಹೊಲದಲ್ಲಿ ಹತ್ತಿ ಒಡೆದು ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ನಿಂತಿರುತ್ತದೆ. ಆ ಬಿಳುಪನ್ನು ನೋಡು ಎಂದು ಮಗುವಿಗೆ ಹೇಳುವವರಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಋತುವನ್ನು ಬರೆಯುವ ಮೊದಲು ಮಗು ಅದನ್ನು ಕೈಯಿಂದ ಮುಟ್ಟಬೇಕು. ಈ ತಿಂಗಳು ನೆಲ ಏನು ಕೊಟ್ಟಿದೆ, ಗಿಡ ಏನು ಉದುರಿಸಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಅದನ್ನೇ ಆ ತಿಂಗಳ ಸಾಮಗ್ರಿ ಮಾಡಿಕೊಳ್ಳಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಅದು ಹೇಗೆ ಸಾಧ್ಯ ಎಂಬುದನ್ನು ಈಗ ಬಿಡಿಸಿ ಹೇಳುತ್ತೇನೆ.

ಜೂನಿನ ಸಾಮಗ್ರಿ ಮಣ್ಣು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಪ್ರಾಥಮಿಕ ಶಾಲೆಯ ಮಗುವಿಗೆ ಮಣ್ಣಿಗಿಂತ ದೊಡ್ಡ ಕಲಾ ಸಾಮಗ್ರಿ ಇಲ್ಲ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಓಡಿಸುತ್ತಾರೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹಿಂದೆ ಮಕ್ಕಳು ಕೆರೆಯ ದಂಡೆಯಿಂದ ಮಣ್ಣು ತಂದು ಎತ್ತುಗಳನ್ನು ತಾವೇ ಮಾಡುತ್ತಿದ್ದರು. ಈಗ ಬಹಳ ಮನೆಗಳಲ್ಲಿ ಸಂತೆಯಿಂದ ಜೋಡಿ ಎತ್ತು ತಂದು ಪೂಜೆ ಮಾಡುತ್ತಾರೆ. ಕುಂಬಾರರ ಕೈಯ ಎತ್ತು ಚೆಂದವೇ, ಅವರ ಹೊಟ್ಟೆಪಾಡಿಗೂ ಅದು ಬೇಕು. ಆದರೆ ಮಗು ಮಾಡಿದ ಸೊಟ್ಟ ಕಾಲಿನ ಎತ್ತಿಗೂ ಶಾಲೆಯಲ್ಲಿ ಜಾಗ ಇರಲಿ.

ಮಣ್ಣು ಹದ ಮಾಡುವುದೇ ಮೊದಲ ಪಾಠ. ಗದಗ, ವಿಜಯಪುರದ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಆದ್ದರಿಂದ ಬಿರಿಯುತ್ತದೆ. ಅದಕ್ಕೆ ಸಣ್ಣಗೆ ಕತ್ತರಿಸಿದ ಹುಲ್ಲನ್ನೋ ಒಂದಿಷ್ಟು ಮರಳನ್ನೋ ಬೆರೆಸಬೇಕು. ಕೆರೆಯ ಗೋಡುಮಣ್ಣು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಕರಾವಳಿಯ ಜಂಬಿಟ್ಟಿಗೆಯ ಮಣ್ಣಿಗೆ ಅಂಟು ಕಡಿಮೆ, ಅಲ್ಲಿ ಗದ್ದೆಯ ಕೆಳಪದರದ ಜೇಡಿ ಹುಡುಕಬೇಕು. ಮಣ್ಣನ್ನು ಎರಡು ದಿನ ನೆನೆಸಿ, ಕಲ್ಲು ಬೇರು ತೆಗೆದು, ಅಂಗೈಗೆ ಅಂಟದ ಹಾಗೆ ನಾದಬೇಕು. ಹದ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಬೆರಳ ಗಾತ್ರದ ಹುರಿ ಹೊಸೆದು ಬೆರಳಿಗೇ ಸುತ್ತಿ ನೋಡಿ. ಬಿರಿಯದಿದ್ದರೆ ಮಣ್ಣು ಸಿದ್ಧ.

ಒಂದನೆಯ ತರಗತಿಗೆ ಎತ್ತು ಬೇಡ. ಉಂಡೆ, ಹಾವು, ರೊಟ್ಟಿ ಈ ಮೂರು ಆಕಾರ ಸಾಕು. ಮೂರರಿಂದಲೇ ಅವರು ಒಂದು ಊರು ಕಟ್ಟುತ್ತಾರೆ. ಮೂರನೆಯ ತರಗತಿಯವರು ಎತ್ತು ಮಾಡಬಹುದು. ಆಗ ಒಂದು ಗುಟ್ಟು ಹೇಳಿಕೊಡಿ. ಕಾಲುಗಳನ್ನು ಬೇರೆ ಮಾಡಿ ಅಂಟಿಸಿದರೆ ಒಣಗುವಾಗ ಕಳಚಿ ಬೀಳುತ್ತವೆ, ಒಂದೇ ಮುದ್ದೆಯಿಂದ ಹಿಂಡಿ ಎಳೆದು ತೆಗೆದರೆ ನಿಲ್ಲುತ್ತವೆ. ಅಂಟಿಸಲೇಬೇಕಾದ ಕೊಂಬು, ಡುಬ್ಬಗಳಿದ್ದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ಕೆಸರು ನೀರು ಹಚ್ಚಿ ಒತ್ತಬೇಕು. ಆಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ. ಸುಡುವ ಚಿಂತೆ ಬೇಡ. ಹಬ್ಬದ ನಂತರ ಅದೇ ಎತ್ತು ಮತ್ತೆ ನೀರಿನ ಬಾನಿಗೆ ಬಿದ್ದು ಮುಂದಿನ ತಿಂಗಳ ಮಣ್ಣಾಗುತ್ತದೆ. ಕೆಲವು ಮಕ್ಕಳಿಗೆ ಇದು ಸಂಕಟ ತರುತ್ತದೆ. ಅಂಥವರ ಎತ್ತನ್ನು ಕಿಟಕಿಯಲ್ಲಿ ಇಟ್ಟುಕೊಳ್ಳಿ, ಒತ್ತಾಯ ಮಾಡಬೇಡಿ.

ಮಣ್ಣು ಆಕಾರಕ್ಕೆ ಮಾತ್ರ ಅಲ್ಲ, ಬಣ್ಣಕ್ಕೂ ಬರುತ್ತದೆ. ಪ್ರತಿ ಮಗುವೂ ತನ್ನ ಹೊಲದ, ಹಿತ್ತಲಿನ, ಬಾವಿಕಟ್ಟೆಯ ಒಂದು ಹಿಡಿ ಮಣ್ಣು ತರಲಿ. ಒಣಗಿಸಿ, ಕುಟ್ಟಿ, ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿದರೆ ಒಂದೇ ಊರಿನಲ್ಲಿ ಎಷ್ಟೊಂದು ಬಗೆಯ ಕೆಂಪು, ಕಂದು, ಹಳದಿ ಇವೆ ಎಂದು ಹಿರಿಯರಿಗೂ ಆಶ್ಚರ್ಯವಾಗುತ್ತದೆ. ಜಾಲಿಯ ಅಂಟನ್ನೋ ಬೇಲದ ಅಂಟನ್ನೋ ನೀರಿನಲ್ಲಿ ನೆನೆಸಿ ಸೇರಿಸಿದರೆ ಬಣ್ಣ ಕಾಗದಕ್ಕೆ ಹಿಡಿಯುತ್ತದೆ. ಇದನ್ನು ಬಡವರ ಬಣ್ಣ ಎಂದು ಯಾರೂ ತಿಳಿಯಬಾರದು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಚಿತ್ರಕಲಾವಿದ ನಂದಲಾಲ್ ಬಸು ಅವರು ರಚಿಸಿದ 80ಕ್ಕೂ ಹೆಚ್ಚು ಚಿತ್ರಫಲಕಗಳಲ್ಲಿ ಇಂಥ ಮಣ್ಣಿನ ಬಣ್ಣಗಳೇ ಇದ್ದವು. ಅವರು ಅಲ್ಲಿ ಬರೆದದ್ದೂ ಕುಂಬಾರ, ಬಡಗಿ, ಧಾನ್ಯ ಕುಟ್ಟುವ ಹೆಂಗಸರನ್ನು. ಶಾಂತಿನಿಕೇತನದಲ್ಲಿ ಕಲಿತು ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಹೇಳಿಕೊಟ್ಟ ದೇವಿಪ್ರಸಾದ್ ಅವರೂ ಸ್ವತಃ ಕುಂಬಾರಿಕೆಯ ಕಲಾವಿದರು. ಕಲೆಯೇ ಶಿಕ್ಷಣದ ತಳಹದಿ ಎಂದು ನಂಬಿ ಅವರು ಒಂದು ಪುಸ್ತಕವನ್ನೇ ಬರೆದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ನಡೆಸಿದ ಪ್ರಯೋಗಗಳನ್ನೂ ಇಲ್ಲಿ ನೆನೆಯಬೇಕು.

ಮಳೆ ಹಿಡಿದ ಮೇಲೆ ಹೊರಗೆ ಹೋಗಲಾಗದ ದಿನಗಳು ಬರುತ್ತವೆ. ಆಗ ಮಳೆಯ ಕೈಯಲ್ಲೇ ಚಿತ್ರ ಬರೆಸಬಹುದು. ದಪ್ಪ ಹಾಳೆಯ ಮೇಲೆ ಸೋಸಿದ ಕಾವಿಯನ್ನೋ ಬಣ್ಣದ ರಂಗೋಲಿ ಪುಡಿಯನ್ನೋ ತೆಳ್ಳಗೆ ಉದುರಿಸಿ, ಜಗಲಿಯಿಂದ ಕೈಚಾಚಿ, ಒಂದರಿಂದ ಐದು ಎಣಿಸುವವರೆಗೆ ಮಳೆಗೆ ಹಿಡಿದು ಒಳಗೆ ತನ್ನಿ. ಜಿಟಿಜಿಟಿ ಮಳೆಯ ಗುರುತು ಒಂದು ಥರ, ದಪ್ಪ ಹನಿಯ ಗುರುತು ಇನ್ನೊಂದು ಥರ. ಹಾಳೆಯ ಹಿಂದೆ ತಾರೀಖು ಬರೆದು ಸಾಲಾಗಿ ತೂಗಿಬಿಟ್ಟರೆ ಆ ವರ್ಷದ ಮಳೆಯ ದಾಖಲೆಯೇ ಆಗುತ್ತದೆ. ಮಲೆನಾಡಿನ ಮಕ್ಕಳು ಮಳೆಗೆ ಹೊದೆಯುವ ಗೊರಬಿನ ಪುಟ್ಟ ಮಾದರಿ ಹೆಣೆಯಬಹುದು. ಬಯಲುಸೀಮೆಯವರು ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತ ಕುರಿಗಾರನನ್ನು ಮಣ್ಣಿನಲ್ಲಿ ಮಾಡಬಹುದು.

ಇಲ್ಲಿ ಒಬ್ಬ ಹುಡುಗಿಯ ನೆನಪಾಗುತ್ತದೆ. ಮೂರನೆಯ ತರಗತಿಯವಳು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹರಿಯುವ ಹೊಳೆ, ದಂಡೆಯಲ್ಲಿ ತೆಂಗಿನ ಮರ. ನಾಡಿನ ಎಲ್ಲ ಮಕ್ಕಳೂ ಬರೆಯುವ ಅದೇ ಚಿತ್ರವನ್ನು ಅವಳೂ ಬರೆದಿದ್ದಳು. ಆದರೆ ಹೊಳೆಗೆ ಹಚ್ಚಿದ್ದು ಕಂದು ಬಣ್ಣ. ಪಕ್ಕದ ಹುಡುಗ, ನೀರು ನೀಲಿ ಇರಬೇಕು ಎಂದು ಜಗಳ ತೆಗೆದ. ಅವಳು ಬಾಗಿಲ ಕಡೆ ಕೈ ತೋರಿಸಿದಳು. ಊರ ಹಳ್ಳ ಹೊಸ ನೀರು ಬಂದು ಕೆಂಪಾಗಿ ಹರಿಯುತ್ತಿತ್ತು. ಆ ಮಗುವಿಗೆ ನಾನು ಕಲಿಸಬೇಕಾದದ್ದು ಏನೂ ಉಳಿದಿರಲಿಲ್ಲ. ನೋಡಿ ಬರೆಯುವ ಧೈರ್ಯ ಅವಳಿಗೆ ಆಗಲೇ ಬಂದಿತ್ತು.

ಆಷಾಢ ಬಂದರೆ ಗಾಳಿ. ದೊಡ್ಡಬಳ್ಳಾಪುರದ ಕಡೆ ಈ ತಿಂಗಳು ಆಕಾಶದ ತುಂಬ ಗಾಳಿಪಟ. ಗಾಳಿಪಟಕ್ಕೆ ಸೂತ್ರ ಕಟ್ಟುವುದು ಚಿಕ್ಕವರಿಗೆ ಕಷ್ಟ. ಅವರಿಗೆ ತೆಂಗಿನ ಗರಿಯ ಗಿರಗಿಟ್ಟಲೆ, ಪೀಪಿ, ಕೈಗಡಿಯಾರ ಸಾಕು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಆಷಾಢದ ಮಂಗಳವಾರಗಳಂದು ಗುಳ್ಳವ್ವ ಎಂಬ ಮಣ್ಣಿನ ದೇವಿಯನ್ನು ಮಾಡಿ ಗುಲಗಂಜಿಯಿಂದ ಸಿಂಗರಿಸುವುದುಂಟು. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಗುಲಗಂಜಿ ನೋಡಲು ಎಷ್ಟು ಚೆಂದವೋ ಒಳಗೆ ಅಷ್ಟೇ ವಿಷ. ಬೀಜ ಅಗಿದರೆ, ಒಡೆದ ಬೀಜ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಹರಳು, ದತ್ತೂರಿ, ಕಣಗಿಲೆ ಬೀಜಗಳೂ ಹಾಗೆಯೇ. ತರಗತಿಯೊಳಗೆ ಇವು ಯಾವುವೂ ಬೇಡ. ಹುಣಸೆ ಬೀಜ, ಗುಲ್‌ಮೊಹರಿನ ಉದ್ದನೆಯ ಕಾಯಿ ಬೇಕಾದಷ್ಟು ಸಿಗುತ್ತವೆ.

ಬೀಜದ ಮಾತು ಬಂದದ್ದಕ್ಕೆ ಇನ್ನೊಂದು. ಅಕ್ಕಿ, ರಾಗಿ, ಬೇಳೆಗಳನ್ನು ಹಾಳೆಗೆ ಅಂಟಿಸಿ ನವಿಲು ಮಾಡಿಸುವ ಪದ್ಧತಿ ಬಹಳ ಕಡೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಮಧ್ಯಾಹ್ನದ ಬಿಸಿಯೂಟಕ್ಕಾಗಿ ಕಾಯುವ ಮಗು ಕೂತ ಕೋಣೆಯಲ್ಲಿ ಅನ್ನವನ್ನು ಅಂಟು ಹಚ್ಚಿ ಕೆಡಿಸುವುದು ಸರಿಯಲ್ಲ.

ಭಾದ್ರಪದದ ಗಣಪತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲ ಶಾಲೆಗಳೂ ಮಾಡಿಸುತ್ತವೆ. ಮಣ್ಣಿನ ಗಣಪನಿಗೆ ಅಂಗಡಿಯ ಬಣ್ಣ ಬಳಿಯದೆ ಹಾಗೆಯೇ ಬಿಡಿ ಎಂದಷ್ಟೇ ನನ್ನ ಕೋರಿಕೆ.

ಆಶ್ವಯುಜದ ಭೂಮಿ ಹುಣ್ಣಿಮೆಯದು ಬೇರೆಯೇ ಸೊಗಸು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಬಿದಿರ ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ನೆನೆದ ಅಕ್ಕಿ ಅರೆದ ಬಿಳಿಯಿಂದ ಎಳೆ ಎಳೆಯಾಗಿ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಗೋಡೆಯ ಹಸೆ ಚಿತ್ತಾರದಲ್ಲಾದರೆ ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಗೆ ಕಾಯಿ. ಹುಣ್ಣಿಮೆಯ ನಸುಕಿನಲ್ಲಿ ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ಬಸುರಿಯಾದ ಭೂಮಿಗೆ ಬಯಕೆ ತೀರಿಸಿ ಚರಗ ಚೆಲ್ಲುತ್ತಾರೆ. ಮಗುವಿಗೆ ಇದರಲ್ಲಿ ಎಷ್ಟು ಪಾಠ ಇದೆ ನೋಡಿ. ಅಳತೆಪಟ್ಟಿ ಇಲ್ಲದೆ ನೇರ ಗೆರೆ ಎಳೆಯುವುದು, ಗೆರೆಗೆ ಗೆರೆ ಕೂಡಿಸಿ ಚೌಕ ಕಟ್ಟುವುದು, ಎಡಕ್ಕೆ ಬಂದದ್ದನ್ನು ಬಲಕ್ಕೂ ತರುವುದು, ಗುಂಡಗಿನ ಬುಟ್ಟಿಯ ಸುತ್ತ ಹೊರಟ ಸಾಲು ಹೊರಟಲ್ಲಿಗೇ ಬಂದು ಸೇರುವಂತೆ ಅಂದಾಜು ಮಾಡುವುದು. ನಾಲ್ಕನೆಯ ತರಗತಿಯ ರೇಖಾಗಣಿತ ಇದಕ್ಕಿಂತ ಹೆಚ್ಚೇನನ್ನೂ ಕೇಳುವುದಿಲ್ಲ.

ತೊಂದರೆ ಒಂದೇ. ಆ ದಿನಗಳಲ್ಲಿ ಶಾಲೆಗೆ ಬಹುಮಟ್ಟಿಗೆ ದಸರೆ ರಜೆ. ಹಾಗಾಗಿ ಇದು ರಜೆಯ ಕೆಲಸವಾಗಲಿ. ಅಜ್ಜಿ, ದೊಡ್ಡಮ್ಮ ಚಿತ್ತಾರ ಬರೆಯುವಾಗ ಪಕ್ಕದಲ್ಲಿ ಕೂತು, ಒಂದು ಅಂಚನ್ನಾದರೂ ತನ್ನ ಕೈಯಿಂದ ಬರೆದು ಬರಬೇಕು ಎಂದು ಮಕ್ಕಳಿಗೆ ಹೇಳಿ. ರಜೆ ಮುಗಿದ ಮೇಲೆ ಅಂಥ ಒಬ್ಬ ಅಜ್ಜಿಯನ್ನೇ ಶಾಲೆಗೆ ಕರೆಸಿ. ಆ ದಿನ ಶಿಕ್ಷಕರೂ ಮಕ್ಕಳ ಜೊತೆ ನೆಲದ ಮೇಲೆ ಕೂತು ಕಲಿಯಲಿ. ಉಳಿದ ಕಡೆಯವರಿಗೆ ದೀಪಾವಳಿಯಲ್ಲಿ ಇಂಥದೇ ಅವಕಾಶ ಇದೆ. ಬಲಿಪಾಡ್ಯಮಿಯಂದು ಉತ್ತರ ಕರ್ನಾಟಕದ ಹೊಸ್ತಿಲುಗಳಲ್ಲಿ ಸೆಗಣಿಯ ಪಾಂಡವರು ಕೂರುತ್ತಾರೆ, ತಲೆಗೆ ಉತ್ತರಾಣಿ ಕಡ್ಡಿ, ಹೊಲದ ಹಳದಿ ಹೂ. ಕರಾವಳಿಯ ಮಕ್ಕಳು ಬಿದಿರ ಕಡ್ಡಿ ಕಟ್ಟಿ ಗೂಡುದೀಪ ಮಾಡುತ್ತಾರೆ.

ಸುಗ್ಗಿಯ ಕಾಲಕ್ಕೆ ಬಂದರೆ ನನ್ನ ಮನಸ್ಸು ಜೋಳದ ದಂಟಿನ ಕಡೆಗೆ ಓಡುತ್ತದೆ. ಹಿಂಗಾರಿ ಜೋಳ ಕೊಯ್ದ ಮೇಲೆ ಒಣ ದಂಟಿಗೆ ಬರವಿಲ್ಲ. ಅದರ ಹೊರಸಿಪ್ಪೆ ಸುಲಿದರೆ ಗಟ್ಟಿ ಸಿಬಿರು, ಒಳಗೆ ಹಗುರವಾದ ಬೆಂಡು. ಬೆಂಡಿನ ತುಂಡಿಗೆ ಸಿಬಿರು ಚುಚ್ಚಿದರೆ ಅಂಟು, ಮೊಳೆ, ದಾರ ಯಾವುದೂ ಇಲ್ಲದೆ ಕೂಡಿಕೊಳ್ಳುತ್ತದೆ. ಬಾಗಿಸಿದ ಸಿಬಿರಿನ ಗಾಲಿ, ನೊಗ, ಮೂಕಿ ಎಲ್ಲ ಸೇರಿ ಬಂಡಿಯಾಗುತ್ತದೆ. ಕನ್ನಡಕ, ತಕ್ಕಡಿ, ಕುರ್ಚಿ, ಮಂಚ ಆಗುತ್ತವೆ. ಪೇಟೆಯಿಂದ ಬರುವ ಜೋಡಣೆಯ ಆಟಿಕೆಗಳು ಮಗುವಿಗೆ ಕಲಿಸಬೇಕೆಂದಿರುವುದನ್ನೆಲ್ಲ ಈ ದಂಟು ಕಲಿಸುತ್ತದೆ. ಸಿಬಿರಿನ ಅಂಚು ಕೈ ಕೊಯ್ಯುತ್ತದೆ, ಆದ್ದರಿಂದ ಸುಲಿಯುವ ಕೆಲಸ ದೊಡ್ಡ ಮಕ್ಕಳದು, ಚುಚ್ಚುವುದು ಚಿಕ್ಕವರದು. ಒಬ್ಬರೋ ಇಬ್ಬರೋ ಶಿಕ್ಷಕರಿದ್ದು ಹಲವು ತರಗತಿಗಳು ಒಟ್ಟಿಗೆ ಕೂರುವ ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಇದು ಹೇಳಿ ಮಾಡಿಸಿದ ಕೆಲಸ.

ನಮ್ಮ ಮರಗಳು ಎಲೆ ಉದುರಿಸುವುದು ಪುಸ್ತಕದ ಚಿತ್ರದಲ್ಲಿರುವಂತೆ ಅಕ್ಟೋಬರಿನಲ್ಲಿ ಅಲ್ಲ. ಬಹುಪಾಲು ಮರಗಳಿಗೆ ಶಿಶಿರ ಬರಬೇಕು. ಸಂಕ್ರಾಂತಿಯ ಆಚೆಗೆ ಕಾಡುಬಾದಾಮಿಯ ಎಲೆ ಕೆಂಪಾಗುತ್ತದೆ, ಬೇವು, ಹೊಂಗೆ ಬೋಳಾಗುತ್ತವೆ. ಬಿದ್ದ ಎಲೆಗಳನ್ನೇ ಆರಿಸಿ ತಂದು, ಹಸಿರಿನಿಂದ ಕಂದಿನವರೆಗೆ ಬಣ್ಣದ ಕ್ರಮದಲ್ಲಿ ಜೋಡಿಸಲಿ. ಅರಳಿ ಎಲೆಯನ್ನು ಕೆಲವು ವಾರ ನೀರಿನಲ್ಲಿ ಕೊಳೆಸಿ, ನೀರು ಬದಲಿಸುತ್ತ, ಮೆತ್ತಗೆ ತೊಳೆದರೆ ನರಗಳ ಜಾಲ ಮಾತ್ರ ಉಳಿಯುತ್ತದೆ. ಅಷ್ಟರಲ್ಲಿ ಹೊಸ ಚಿಗುರು ಬರುತ್ತದೆ. ಮಾವಿನ, ಅರಳಿಯ ಚಿಗುರು ಮೊದಲು ತಾಮ್ರದ ಬಣ್ಣ, ಆಮೇಲೆ ಹಸಿರು. ಎಳೆ ಎಲೆಯಲ್ಲಿ ಕೆಂಪು ಬಣ್ಣದ ದ್ರವ್ಯ ಮೊದಲು ತುಂಬುತ್ತದೆ, ಹಸಿರಿನ ದ್ರವ್ಯ ನಿಧಾನವಾಗಿ ಬರುತ್ತದೆ. ಕಾರಣ ಹೇಳಿದರೆ ಐದನೆಯ ತರಗತಿಯ ಮಗು ಖಂಡಿತ ಅರ್ಥ ಮಾಡಿಕೊಳ್ಳುತ್ತದೆ.

ಫೆಬ್ರವರಿ, ಮಾರ್ಚಿನಲ್ಲಿ ಬಯಲಿನ ಅಂಚುಗಳಲ್ಲಿ ಮುತ್ತುಗ ಹೂ ಬಿಡುತ್ತದೆ. ಉದುರಿದ ಹೂಗಳನ್ನು ಒಣಗಿಸಿ ರಾತ್ರಿ ನೀರಿಗೆ ಹಾಕಿದರೆ ಬೆಳಗಿಗೆ ಹಳದಿ ಬಣ್ಣ ಸಿದ್ಧ. ಅದಕ್ಕೆ ಎರಡು ಹನಿ ಸುಣ್ಣದ ತಿಳಿ ಬಿದ್ದರೆ ಕಿತ್ತಳೆ. ಹೋಳಿಯ ಓಕುಳಿ ಹಿಂದೆ ಇದರದೇ. ಆರತಿ ತಟ್ಟೆಯ ಕೆಂಪು ನೀರು ಅರಿಶಿನ, ಸುಣ್ಣದಿಂದ ಆದದ್ದು ಎಂದು ಮನೆಮನೆಗೂ ಗೊತ್ತು. ಅದನ್ನೇ ಚಿತ್ರಕ್ಕೆ ತನ್ನಿ. ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ, ಮಗು ಸುಣ್ಣದ ತಿಳಿಯಲ್ಲಿ ಕಡ್ಡಿ ಅದ್ದಿ ಗೆರೆ ಎಳೆದರೆ ಹಳದಿಯ ಮೇಲೆ ಕೆಂಪು ಗೆರೆ ಏಳುತ್ತದೆ. ನಿಂಬೆಹುಳಿ ತಾಗಿಸಿದರೆ ಗೆರೆ ಮತ್ತೆ ಹಳದಿಗೆ ತಿರುಗುತ್ತದೆ. ಶಂಖಪುಷ್ಪದ ನೀಲಿಗೆ ನಿಂಬೆಹುಳಿ ಹಿಂಡಿದರೆ ಗುಲಾಬಿ ನೇರಳೆ. ಸುಣ್ಣದ ತಿಳಿಯನ್ನು ಶಿಕ್ಷಕರೇ ಬಸಿದು ಕೊಡಬೇಕು, ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಈ ಬಣ್ಣಗಳು ಬಿಸಿಲಿಗೆ ಮಾಸುತ್ತವೆ. ಮಾಸುವುದನ್ನೂ ನೋಡಲಿ. ಅರ್ಧ ಹಾಳೆಯನ್ನು ಪುಸ್ತಕದಡಿ ಮುಚ್ಚಿ, ಇನ್ನರ್ಧವನ್ನು ಕಿಟಕಿಯ ಬಿಸಿಲಿಗೆ ಬಿಟ್ಟು ವಾರದ ನಂತರ ತೆಗೆಯಿರಿ.

ಇವೆಲ್ಲಕ್ಕೂ ಬೆನ್ನೆಲುಬಾಗಿ ವರ್ಷದುದ್ದಕ್ಕೂ ನಡೆಯಬೇಕಾದ ಕೆಲಸ ಒಂದಿದೆ. ಪ್ರತಿ ಮಗುವೂ ಒಂದು ಮರವನ್ನು ತನ್ನದೆಂದು ಆರಿಸಿಕೊಳ್ಳಲಿ. ಜೂನಿನಿಂದ ಏಪ್ರಿಲ್‌ವರೆಗೆ ತಿಂಗಳಿಗೊಮ್ಮೆ ಅದೇ ಮರದ ಎದುರು ಕೂತು ಅದನ್ನೇ ಬರೆಯಲಿ, ಆ ತಿಂಗಳ ಬಣ್ಣದಲ್ಲಿ. ಚಿಕ್ಕವರು ಕಾಂಡಕ್ಕೆ ಹಾಳೆ ಹಿಡಿದು ಮೇಣದ ಬಳಪ ಉಜ್ಜಿ ತೊಗಟೆಯ ಗುರುತು ತೆಗೆಯಲಿ. ಮೊದಲ ಚಿತ್ರ ಎಲ್ಲರದೂ ಒಂದೇ ಥರ ಇರುತ್ತದೆ, ಕಂದು ಕಂಬದ ಮೇಲೊಂದು ಹಸಿರು ಮೋಡ. ತಿಂಗಳುಗಳು ಕಳೆದಂತೆ ಕೊಂಬೆ ಎಲ್ಲಿ ಕವಲೊಡೆದಿದೆ, ಕಾಗೆಯ ಗೂಡು ಎಲ್ಲಿದೆ ಎಂಬುದು ಹಾಳೆಗೆ ಬರತೊಡಗುತ್ತದೆ. ನಗರದ ಮಕ್ಕಳಿಗೆ ಮರ ಎಲ್ಲಿದೆ ಎನ್ನಬೇಡಿ. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಕ್ರುಂಬಿಗಲ್ ಅವರು ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದರಂತೆ ವರ್ಷವಿಡೀ ಯಾವುದಾದರೊಂದು ಜಾತಿಯ ಮರ ಹೂ ಬಿಟ್ಟಿರಬೇಕೆಂದು ಯೋಚಿಸಿ ನೆಡಿಸಿದರು. ಆ ಸಾಲುಗಳಲ್ಲಿ ಉಳಿದಿರುವಷ್ಟನ್ನಾದರೂ ನಮ್ಮ ಮಕ್ಕಳು ಬರೆಯಲಿ.

ತಂದೆ ತಾಯಿಯರಲ್ಲಿ, ಶಿಕ್ಷಕರಲ್ಲಿ ಕೈಮುಗಿದು ಕೇಳುವುದಿದೆ. ಮಗುವಿನ ಹಾಳೆಯ ಮೇಲೆ ನಿಮ್ಮ ಕೈ ಇಡಬೇಡಿ. ಕರಿಹಲಗೆಯ ಮೇಲೆ ನೀವು ಬರೆದು ಮೂವತ್ತು ಮಕ್ಕಳು ನಕಲು ಮಾಡಿದರೆ ಅಲ್ಲಿರುವುದು ನಿಮ್ಮದೇ ಒಂದು ಚಿತ್ರದ ಮೂವತ್ತು ಪ್ರತಿ. ರಾತ್ರಿ ಹತ್ತಕ್ಕೆ ಅಪ್ಪ ಅಮ್ಮ ಕೂತು ಥರ್ಮೋಕೋಲ್ ಕತ್ತರಿಸಿ ಮಾಡಿಕೊಡುವ ಪ್ರಾಜೆಕ್ಟಿನಿಂದ ಮಗುವಿಗೆ ಸಿಗುವುದು ಅಂಕ ಮಾತ್ರ. ಅಂಕವನ್ನೂ ಈ ಕೆಲಸಕ್ಕೆ ಕೊಡಬೇಡಿ ಎಂದು ನಾನು ಹೇಳುತ್ತೇನೆ. ಹಾಳೆಯ ಹಿಂದೆ ತಾರೀಖು, ಮಗು ಹೇಳಿದ ಒಂದು ಮಾತು ಬರೆದಿಟ್ಟರೆ ಸಾಕು.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಒತ್ತಡ ಎಷ್ಟಿದೆ ಎಂದು ನನಗೆ ಗೊತ್ತು. ಆದರೆ ಮಣ್ಣು, ಎಲೆ, ಬಣ್ಣದ ಕೆಲಸ ಪರಿಸರ ಅಧ್ಯಯನದ ಪಾಠವೂ ಹೌದು, ಬುಟ್ಟಿಯ ಚಿತ್ತಾರ ಗಣಿತವೂ ಹೌದು. ನಲಿಕಲಿ ತರಗತಿಗಳಲ್ಲಂತೂ ಚಟುವಟಿಕೆಗೆ ಮೊದಲಿನಿಂದಲೂ ಜಾಗ ಇದೆ. ಪಾಟಿಚೀಲ ಇಲ್ಲದೆ ಮಕ್ಕಳು ಬರುವ ಸಂಭ್ರಮ ಶನಿವಾರ ಇದೆ. ಶನಿವಾರ ಬೆಳಗಿನ ಶಾಲೆ, ಎಳೆ ಬಿಸಿಲು, ಮರದ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಪ್ರಾರ್ಥನೆ ಮುಗಿದ ಕೂಡಲೆ ಮಕ್ಕಳನ್ನು ಒಳಗೆ ಕರೆಯದೆ, ರಟ್ಟು, ಹಾಳೆ, ಸೀಸದ ಕಡ್ಡಿ ಕೊಟ್ಟು ಹೊರಗೇ ಕೂರಿಸಿ. ಮೊದಲ ಹತ್ತು ನಿಮಿಷ ಯಾರೂ ಬರೆಯಬಾರದು, ಬರಿದೆ ನೋಡಬೇಕು ಎಂದು ಹೇಳಿ. ಈ ತಿಂಗಳಿನಿಂದಲೇ ಶುರು ಮಾಡಿ.